ಅಂದದ ಅಳತೆಗೋಲು ಯಾರ ಕೈಯಲ್ಲಿ?

[ದೇವಳಾಲಿ ಕ್ಯಾಂಪಿನಲ್ಲಿ ಸೇರಿದ್ದ ಕನ್ನಡ ಕಾರ್ಮಿಕ ಕುಟುಂಬಗಳ ಸಭೆಯಲ್ಲಿ ನಮ್ಮ ಸಂಘದ ಸಂಘಟಕರೊಬ್ಬರು ಆಡಿದ ಮಾತುಗಳ ಬರಹರೂಪ.]



ಕಾರ್ಮಿಕರ ಸಭೆಯಲ್ಲಿ ಸೌಂದರ್ಯದ ಮಾತೇಕೆ ಎಂದು ನಿನ್ನೆಯೇ ಇಬ್ಬರು ನಮ್ಮನ್ನು ಕೇಳಿದರು. ಸಂಬಳ, ವಾರದ ರಜೆ, ಬೋನಸ್ಸು, ಪ್ರಾವಿಡೆಂಟ್ ಫಂಡು ಎಂದು ಮಾತಾಡುತ್ತ ಬಂದವರು ಈಗ ಹುಡುಗಿಯರ ಮುಖದ ಬಣ್ಣಕ್ಕೆ ಇಳಿದಿರಲ್ಲ ಎಂದು ನಕ್ಕರು. ನಗಲಿ. ಬರುವ ರಾಜ್ಯೋತ್ಸವಕ್ಕೆ ನಾಟಕ, ಹಾಡು, ಪ್ರಬಂಧ ಸ್ಪರ್ಧೆಗಳ ಜೊತೆಗೆ ಹದಿನಾರರಿಂದ ಇಪ್ಪತ್ತೆರಡರ ಹುಡುಗಿಯರಿಗಾಗಿ ಒಂದು ಸೌಂದರ್ಯ ಸ್ಪರ್ಧೆಯನ್ನೂ ಇಡಬೇಕೆಂದು ಇಲ್ಲಿಯ ಕೆಲವು ತರುಣರು ಸಂಘಕ್ಕೆ ಬರೆದು ಕೊಟ್ಟಿದ್ದಾರೆ. ಮುಖಕ್ಕೆ ಹಚ್ಚುವ ಕ್ರೀಮಿನ ಏಜೆಂಟರೊಬ್ಬರು ಮಂಟಪದ ಖರ್ಚು, ಬಹುಮಾನದ ಖರ್ಚು ಎರಡನ್ನೂ ಕೊಡಲು ಒಪ್ಪಿದ್ದಾರಂತೆ. ಸೂಚನೆ ಕೊಟ್ಟ ತರುಣರು ಕೆಟ್ಟವರಲ್ಲ, ನಮ್ಮವರೇ. ಪೆಟ್ಟಿಗೆಯಲ್ಲಿ ಹಣವಿಲ್ಲ, ಯಾರಾದರೂ ಕೊಟ್ಟರೆ ಉತ್ಸವ ಚೆನ್ನಾಗಿ ಆದೀತೆಂಬ ಆಸೆ ಅವರದು. ಹಾಗಾಗಿ ಅವರನ್ನು ಗದರಿಸಿ ಕಳಿಸುವ ಬದಲು ಸಭೆಯ ಮುಂದೆ ವಿಷಯವನ್ನು ಬಿಚ್ಚಿಡುವುದೇ ಸರಿಯೆಂದು ನಮಗೆ ಕಂಡಿತು.

ನಾವು ನಿಂತಿರುವ ಈ ಸ್ಥಳವನ್ನೇ ನೋಡಿ. ಇಲ್ಲಿಂದ ನಾಸಿಕದ ಪಂಚವಟಿಗೆ ಬಸ್ಸಿನಲ್ಲಿ ಎಷ್ಟು ಹೊತ್ತಿನ ದಾರಿ? ಶೂರ್ಪನಖಿಯ ಮೂಗನ್ನು ಲಕ್ಷ್ಮಣ ಕೊಯ್ದದ್ದು ಅಲ್ಲಿ, ನಾಸಿಕಾ ಎಂಬುದರಿಂದಲೇ ಊರಿಗೆ ನಾಸಿಕವೆಂದು ಹೆಸರಾಯಿತು ಎಂದು ಯಾತ್ರೆಗೆ ಬಂದವರಿಗೆಲ್ಲ ಹೇಳುತ್ತಾರೆ. ಕಥೆಯ ಸರಿತಪ್ಪು ಪಂಡಿತರಿಗೆ ಬಿಟ್ಟದ್ದು. ನಮಗೆ ಕಾಣುವುದಿಷ್ಟು: ಗಂಡಸನ್ನು ಶಿಕ್ಷಿಸಬೇಕಾದಾಗ ತಲೆಯನ್ನೋ ತೋಳನ್ನೋ ಕಡಿದರು. ಹೆಂಗಸನ್ನು ಶಿಕ್ಷಿಸಬೇಕಾದಾಗ ಕತ್ತಿ ಅವಳ ಮುಖಕ್ಕೆ ಹೋಯಿತು. ಮುಖ ಕೆಟ್ಟರೆ ಹೆಣ್ಣಿನ ಬಾಳೇ ಕೆಟ್ಟಿತೆಂಬ ಲೆಕ್ಕ ಅಷ್ಟು ಹಳೆಯದು.

ಅದೇ ಪಂಚವಟಿಯಲ್ಲಿ ಕಾಳಾರಾಮನ ಗುಡಿ ಉಂಟು. ಕರಿಯ ಕಲ್ಲಿನ ಮೂರ್ತಿ, ಹೆಸರೇ ಕರಿಯ ರಾಮ. 1930ರ ಮಾರ್ಚ್ 2ರಂದು ಡಾಕ್ಟರ್ ಅಂಬೇಡ್ಕರರು ಅಸ್ಪೃಶ್ಯರ ಪ್ರವೇಶಕ್ಕಾಗಿ ಸತ್ಯಾಗ್ರಹ ಹೂಡಿದ್ದು ಆ ಗುಡಿಯ ಬಾಗಿಲಿನಲ್ಲಿಯೇ. ಪಂಢರಪುರದ ವಿಠೋಬನೂ ಕಪ್ಪು. ನಮ್ಮ ಕನ್ನಡನಾಡಿನಿಂದಲೇ ಇಲ್ಲಿಗೆ ಬಂದ ದೇವರೆಂದು ಮರಾಠಿ ಸಂತರು ಹಾಡಿದ್ದಾರೆ, ನಮಗೆ ಅದರ ಹೆಮ್ಮೆಯೂ ಉಂಟು. ಆದರೆ ದೇವರು ಕಪ್ಪಾಗಿದ್ದರೆ ಕಾಲಿಗೆ ಬೀಳುವ ನಾವು, ಮಗಳು ಕಪ್ಪಾಗಿ ಹುಟ್ಟಿದರೆ ತಲೆಗೆ ಕೈ ಹೊತ್ತು ಕೂರುತ್ತೇವೆ. ಆಕಳು ಕಪ್ಪಾದರೆ ಹಾಲು ಕಪ್ಪೇ ಎಂಬ ಗಾದೆಯನ್ನು ಆಕಳಿಗೆ ಮಾತ್ರ ಮೀಸಲಾಗಿಟ್ಟಿದ್ದೇವೆ.

ಇನ್ನು ಸ್ಪರ್ಧೆಯ ವಿಚಾರ. ಇದು ಎಲ್ಲಿಂದ ಬಂತೆಂದು ಹುಡುಕಿ ಹೋದರೆ ಹೋಟೆಲು ಕಾರ್ಮಿಕರೂ ಗಿರಣಿ ಕಾರ್ಮಿಕರೂ ಒಟ್ಟಿಗೆ ಬೆಚ್ಚಿ ಬೀಳಬೇಕಾದ ಸಂಗತಿ ಹೊರಬೀಳುತ್ತದೆ. ಅಮೆರಿಕದ ಸಮುದ್ರ ತೀರದಲ್ಲಿ ಅಟ್ಲಾಂಟಿಕ್ ಸಿಟಿ ಎಂಬ ಊರು. ಬೇಸಗೆಯಲ್ಲಿ ಗಾಳಿ ಸೇವನೆಗೆ ಬರುವವರೇ ಅಲ್ಲಿಯ ಹೋಟೆಲುಗಳ ಜೀವನ. ಆ ದೇಶದಲ್ಲಿ ಕಾರ್ಮಿಕರ ದಿನವನ್ನು ಸೆಪ್ಟೆಂಬರ್ ತಿಂಗಳ ಮೊದಲನೆಯ ಸೋಮವಾರ ಆಚರಿಸುತ್ತಾರೆ. ಆ ರಜೆ ಮುಗಿಯಿತೆಂದರೆ ಗಿರಾಕಿಗಳು ಗಂಟುಮೂಟೆ ಕಟ್ಟುತ್ತಿದ್ದರು, ಕೋಣೆಗಳು ಖಾಲಿ ಬೀಳುತ್ತಿದ್ದವು. ಇನ್ನೊಂದು ವಾರವಾದರೂ ಅವರನ್ನು ಹಿಡಿದು ನಿಲ್ಲಿಸಲು ಏನು ಉಪಾಯ? ಊರಿನ ಹೋಟೆಲು ಮಾಲೀಕರೂ ವ್ಯಾಪಾರಿಗಳೂ ಕೂಡಿ 1921ರಲ್ಲಿ ಚೆಲುವೆಯರ ಸ್ಪರ್ಧೆ ಇಟ್ಟರು. ಗೆದ್ದವಳು ಶಾಲೆಗೆ ಹೋಗುತ್ತಿದ್ದ, ಹದಿನಾರರ ಆಸುಪಾಸಿನ ಒಬ್ಬ ಹುಡುಗಿ. ಮಿಸ್ ಅಮೆರಿಕ ಎಂಬುದು ಹುಟ್ಟಿದ್ದು ಹೀಗೆ, ಖಾಲಿ ಕೋಣೆಗಳ ಬಾಡಿಗೆ ತುಂಬಿಸಲು.

1951ರಲ್ಲಿ ಲಂಡನಿನಲ್ಲಿ ಮೆಕ್ಕಾ ಎಂಬ ಕಂಪೆನಿ ನೃತ್ಯಶಾಲೆಗಳನ್ನು ನಡೆಸುತ್ತಿತ್ತು. ಅದರ ಎರಿಕ್ ಮಾರ್ಲಿ ಎಂಬ ಅಧಿಕಾರಿ ಆ ವರ್ಷದ ಬ್ರಿಟನ್ ಉತ್ಸವದ ಜನಸಂದಣಿಯನ್ನು ಎಳೆಯಲೆಂದು ಈಜುಡುಗೆಯ ಸ್ಪರ್ಧೆ ಏರ್ಪಡಿಸಿದ. ಮಿಸ್ ವರ್ಲ್ಡ್ ಎಂದು ಜಗತ್ತು ಕುಣಿದದ್ದು ಅದಕ್ಕೇ. ಮುಂದಿನದು ಗಿರಣಿಯ ಕಥೆ. ಆಗ ಮಿಸ್ ಅಮೆರಿಕ ಆಗಿದ್ದ ಯೊಲಾಂಡ್ ಬೆಟ್‌ಬೀಜ್ ಎಂಬಾಕೆ, ಈಜುಡುಗೆ ತೊಟ್ಟು ಜಾಹೀರಾತಿಗಾಗಿ ಊರೂರು ತಿರುಗುವುದಿಲ್ಲ ಎಂದು ಖಡಾಖಂಡಿತ ಹೇಳಿಬಿಟ್ಟಳು. ಈಜುಡುಗೆ ತಯಾರಿಸುತ್ತಿದ್ದ ಕ್ಯಾಟಲಿನಾ ಕಂಪೆನಿಗೆ ಸಿಟ್ಟು ಬಂತು. ಅದರ ಹಿಂದಿದ್ದ ಪೆಸಿಫಿಕ್ ಮಿಲ್ಸ್ ಎಂಬ ಬಟ್ಟೆ ಗಿರಣಿಯ ಧಣಿಗಳು 1952ರಲ್ಲಿ ತಮ್ಮದೇ ಹೊಸ ಸ್ಪರ್ಧೆ ಹೂಡಿದರು. ಅದೇ ಮಿಸ್ ಯೂನಿವರ್ಸ್. ಕೋಣೆ ತುಂಬಿಸಲು ಹೋಟೆಲಿನವನು, ಬಟ್ಟೆ ಮಾರಲು ಗಿರಣಿಯವನು. ಅಂದವನ್ನು ಅಳೆಯುವ ಗೋಲನ್ನು ಕೆತ್ತಿದ ಬಡಗಿಗಳು ಇವರು. ನಮ್ಮ ಧಣಿಗಳ ಜಾತಿಯವರೇ ಅಲ್ಲವೇ?

ಒಬ್ಬ ಹೆಣ್ಣುಮಗಳು ಆಗುವುದಿಲ್ಲ ಎಂದದ್ದಕ್ಕೆ, ಆಗುತ್ತದೆ ಎನ್ನುವ ಬೇರೆ ಹೆಣ್ಣುಮಕ್ಕಳನ್ನು ಹುಡುಕಿದರು ನೋಡಿ. ಮುಷ್ಕರ ಹೂಡಿದಾಗ ಹಿಂಬಾಗಿಲಿನಿಂದ ಬದಲಿ ಆಳುಗಳನ್ನು ತರುವುದು ಹೇಗೆಂದು ಇಲ್ಲಿ ಕುಳಿತ ಹಿರಿಯ ಗಿರಣಿ ಕಾಮಗಾರರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ದೇಶಕ್ಕೂ ಇದು ತಡವಾಗಿ ಬಂದದ್ದಲ್ಲ. ಮಿಸ್ ಇಂಡಿಯಾ ಎಂಬ ಬಿರುದು 1947ರಲ್ಲಿಯೇ ಇತ್ತು. 1952ರ ಮೊದಲನೆಯ ಮಿಸ್ ಯೂನಿವರ್ಸಿಗೆ ಹೋದವರು ನೃತ್ಯಗಾತಿ ಇಂದ್ರಾಣಿ ರೆಹಮಾನ್. 1964ರಿಂದ ಫೆಮಿನಾ ಪತ್ರಿಕೆಯವರು ಪಟ್ಟವನ್ನು ಕೈಗೆತ್ತಿಕೊಂಡರು. 1966ರಲ್ಲಿ ಮುಂಬಯಿಯ ವೈದ್ಯಕೀಯ ವಿದ್ಯಾರ್ಥಿನಿ ರೀಟಾ ಫಾರಿಯಾ ಲಂಡನಿನಲ್ಲಿ ವಿಶ್ವಸುಂದರಿಯಾದರು, ಏಷ್ಯಾದಲ್ಲಿಯೇ ಮೊದಲನೆಯವರು. ಕಿರೀಟ ತೊಡಿಸಿದ ಸ್ವಲ್ಪ ಕಾಲದಲ್ಲಿಯೇ ಅವರನ್ನು ಬಾಬ್ ಹೋಪ್ ಎಂಬ ವಿನೋದಗಾರನ ತಂಡದೊಡನೆ ವಿಯೆಟ್ನಾಮಿಗೆ ಒಯ್ದು ಅಮೆರಿಕದ ಸೈನಿಕರ ಮುಂದೆ ನಿಲ್ಲಿಸಿದರು. ಯುದ್ಧವನ್ನು ವಿರೋಧಿಸಿದ್ದ ನಮ್ಮ ದೇಶದಲ್ಲಿ ಅದಕ್ಕೆ ದೊಡ್ಡ ಗದ್ದಲವಾಯಿತು. ಆ ತಾಯಿಯ ದಿಟ್ಟತನ ಏನೆಂದರೆ, ವರ್ಷ ಮುಗಿದ ಕೂಡಲೇ ಸಿನೆಮಾಕ್ಕೂ ಹೋಗದೆ ಜಾಹೀರಾತಿಗೂ ಹೋಗದೆ ಪುನಃ ವೈದ್ಯ ವಿದ್ಯೆಗೆ ಮರಳಿ ಡಾಕ್ಟರರಾದರು. ಕಿರೀಟದ ಕಥೆ ಹೇಳುವವರು ಆ ಅರ್ಧವನ್ನು ಹೇಳುವುದೇ ಇಲ್ಲ.

ಆಮೇಲೆ 1994. ಮೇ ತಿಂಗಳಲ್ಲಿ ಸುಶ್ಮಿತಾ ಸೇನ್, ನವೆಂಬರಿನಲ್ಲಿ ಐಶ್ವರ್ಯಾ ರೈ. ಈ ಎರಡನೆಯವರು ಮಂಗಳೂರಿನಲ್ಲಿ ಹುಟ್ಟಿದ ತುಳು ಮನೆಮಾತಿನವರು. ನಮ್ಮ ಜಿಲ್ಲೆಯ ಹೋಟೆಲುಗಳ ಗಲ್ಲೆಯ ಹಿಂದೆ ಕೃಷ್ಣನ ಪಟದ ಪಕ್ಕ ಅವರ ಪಟವೂ ಬಂತು. 2022ರಲ್ಲಿ ಮುಂಬಯಿಯಲ್ಲಿ ಬೆಳೆದ ಸಿನಿ ಶೆಟ್ಟಿ ಕರ್ನಾಟಕದ ಹೆಸರಿನಲ್ಲಿ ಮಿಸ್ ಇಂಡಿಯಾ ಗೆದ್ದಾಗಲೂ ನಮ್ಮವರು ಪೇಡೆ ಹಂಚಿದರು. ಸಂತೋಷ ಪಟ್ಟವರನ್ನು ನಾವು ಹಳಿಯುವುದಿಲ್ಲ. ಆ ಹೆಣ್ಣುಮಕ್ಕಳು ಸುಮ್ಮನೆ ನಿಂತು ಗೆದ್ದವರೂ ಅಲ್ಲ. ನಡಿಗೆ, ಮಾತು, ನಿದ್ದೆ, ಊಟ ಎಲ್ಲವನ್ನೂ ತಿಂಗಳುಗಟ್ಟಲೆ ಹದ್ದಿನಲ್ಲಿಟ್ಟು ಬೆವರು ಸುರಿಸುತ್ತಾರೆ. ಅದೂ ದುಡಿಮೆಯೇ. ನಮ್ಮ ಪ್ರಶ್ನೆ ದುಡಿದವರ ಮೇಲಲ್ಲ, ದುಡಿಸಿದವರ ಮೇಲೆ. 1991ರ ಹೊಸ ಆರ್ಥಿಕ ನೀತಿಯಿಂದ ಪೇಟೆಯ ಬಾಗಿಲು ತೆರೆದು ಹೊರದೇಶದ ಬಣ್ಣ, ಪೌಡರು, ಶಾಂಪೂ ಕಂಪೆನಿಗಳು ಒಳಗೆ ಕಾಲಿಟ್ಟ ಹೊತ್ತು ಅದು. ಕಿರೀಟ ಒಬ್ಬಳ ತಲೆಗೆ ಬಂತು, ಕನ್ನಡಿ ಮಾತ್ರ ಲಕ್ಷಾಂತರ ಹುಡುಗಿಯರ ಕೈಗೆ ಬಂತು.

ಬೆಂಗಳೂರಿನ ಗಲಾಟೆ ನಿಮ್ಮಲ್ಲಿ ಅನೇಕರಿಗೆ ನೆನಪಿರಬಹುದು. 1996ರ ನವೆಂಬರ್ 23ರಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ವಿಶ್ವಸುಂದರಿ ಸ್ಪರ್ಧೆ ನಡೆಯಿತು. ನಡೆಸಿದ್ದು ಅಮಿತಾಭ್ ಬಚ್ಚನ್ನರ ಕಂಪೆನಿ. ಜೆ. ಎಚ್. ಪಟೇಲರು ಮುಖ್ಯಮಂತ್ರಿ, ಅವರ ಸರಕಾರದ ಬೆಂಬಲ ಇತ್ತು. ವಿರೋಧವೂ ಸಣ್ಣದಲ್ಲ. ಭಾರತೀಯ ಸಂಸ್ಕೃತಿಗೆ ಕುಂದು ಎಂದು ಒಂದು ಗುಂಪು, ಹೆಣ್ಣನ್ನು ಸರಕು ಮಾಡುತ್ತಾರೆ ಎಂದು ಮಹಿಳಾ ಸಂಘಟನೆಗಳು, ಪರದೇಶದ ಕಂಪೆನಿಗಳ ಸಂತೆ ಇದು ಎಂದು ಪ್ರೊಫೆಸರ್ ನಂಜುಂಡಸ್ವಾಮಿಯವರ ರೈತಸಂಘ. ಅದೇ ವರ್ಷದ ಜನವರಿಯಲ್ಲಿ ಬೆಂಗಳೂರಿನ ಕೆಂಟಕಿ ಚಿಕನ್ ಅಂಗಡಿಗೆ ನುಗ್ಗಿದ್ದವರೂ ಇದೇ ರೈತಸಂಘದವರು. ಆತ್ಮಾಹುತಿ ಮಾಡಿಕೊಳ್ಳುತ್ತೇವೆಂಬ ಬೆದರಿಕೆ ಬಂತು. ಮಧುರೆಯಲ್ಲಿ ಒಬ್ಬ ತರುಣ ನಿಜವಾಗಿಯೂ ಬೆಂಕಿ ಹಚ್ಚಿಕೊಂಡು ಸತ್ತೇಹೋದ. ವಿಷಯ ಹೈಕೋರ್ಟಿನ ಮೆಟ್ಟಿಲು ಹತ್ತಿತು. ಈಜುಡುಗೆಯ ಭಾಗವನ್ನು ಸಮುದ್ರದಾಚೆ ಸೆಷೆಲ್ಸ್ ದ್ವೀಪಕ್ಕೆ ಸಾಗಿಸಿದರು. ಕ್ರೀಡಾಂಗಣದ ಸುತ್ತ ಸಾವಿರಾರು ಪೊಲೀಸರ ಕೋಟೆ ಕಟ್ಟಿ, ಒಳಗೆ ಗ್ರೀಸ್ ದೇಶದ ಐರೀನ್ ಸ್ಕ್ಲಿವಾ ಎಂಬ ಹುಡುಗಿಗೆ ಕಿರೀಟ ಇಟ್ಟರು. ನಡೆಸಿದ ಕಂಪೆನಿಗೆ ಹಣದ ಮುಗ್ಗಟ್ಟು ಹಿಡಿದು ಕೆಲವೇ ವರ್ಷಗಳಲ್ಲಿ ಅದು ರೋಗಗ್ರಸ್ತ ಉದ್ಯಮಗಳ ಪಟ್ಟಿಗೆ ಸೇರಿತು.

ಆ ಗದ್ದಲದಲ್ಲಿ ನಮಗೆ ಬೇಕಾದ ಪಾಠ ಒಂದುಂಟು. ವಿರೋಧಿಸಿದವರೆಲ್ಲ ಒಂದೇ ಬಗೆಯವರಲ್ಲ. ಹೆಣ್ಣು ಮೈ ತೋರಿಸಿದಳು, ಮಾನ ಹೋಯಿತು ಎನ್ನುವವರೊಡನೆ ನಾವು ಕೈ ಜೋಡಿಸಲಾರೆವು. ಅವರು ಇಂದು ಸ್ಪರ್ಧೆಯನ್ನು ನಿಲ್ಲಿಸಿ ನಾಳೆ ಹುಡುಗಿಯನ್ನು ಕಾಲೇಜಿನಿಂದಲೂ ಬಿಡಿಸುವವರು. ಅವರ ಕೈಯಲ್ಲಿಯೂ ಒಂದು ಅಳತೆಗೋಲು ಉಂಟು, ಸೀರೆಯ ಸೆರಗನ್ನು ಅಳೆಯುವ ಗೋಲು. ಕಂಪೆನಿಯವನು ಇಷ್ಟು ತೋರಿಸು ಎನ್ನುತ್ತಾನೆ, ಇವರು ಇಷ್ಟು ಮುಚ್ಚು ಎನ್ನುತ್ತಾರೆ. ಹುಡುಗಿ ಏನನ್ನುತ್ತಾಳೆಂದು ಇಬ್ಬರೂ ಕೇಳುವುದಿಲ್ಲ.

ಮಹಾರಾಷ್ಟ್ರದಲ್ಲಿ ಇದನ್ನು ನಾವು ಕಣ್ಣಾರೆ ಕಂಡವರು. 2005ರಲ್ಲಿ ಡಾನ್ಸ್ ಬಾರುಗಳನ್ನು ಕಾನೂನು ತಂದು ಮುಚ್ಚಿಸಿದರು. ನಮ್ಮ ಎಷ್ಟೋ ಸಪ್ಲಯರರು, ಕ್ಲೀನರುಗಳು ಬೀದಿಗೆ ಬಿದ್ದರು. ಕುಣಿಯುತ್ತಿದ್ದ ಹೆಣ್ಣುಮಕ್ಕಳ ಪಾಡಂತೂ ಹೇಳತಕ್ಕದ್ದಲ್ಲ. ಆದರೆ ಅದೇ ಕಾನೂನಿನಲ್ಲಿ ಮೂರು ನಕ್ಷತ್ರದ ಮತ್ತು ಮೇಲ್ದರ್ಜೆಯ ಹೋಟೆಲುಗಳಿಗೆ ರಿಯಾಯಿತಿ! ಸಣ್ಣ ಹೋಟೆಲಿನಲ್ಲಿ ಕುಣಿದರೆ ನೀತಿಗೇಡು, ದೊಡ್ಡ ಹೋಟೆಲಿನಲ್ಲಿ ಕುಣಿದರೆ ಕಲೆ. ಈ ಭೇದ ನಿಲ್ಲುವುದಿಲ್ಲವೆಂದು ಮುಂಬಯಿ ಹೈಕೋರ್ಟು 2006ರಲ್ಲಿ ಹೇಳಿತು, ಸುಪ್ರೀಂ ಕೋರ್ಟು 2013ರ ಜುಲೈ 16ರಂದು ಅದನ್ನೇ ಎತ್ತಿಹಿಡಿಯಿತು. ಬಾರಿನ ಕೆಲಸ ಒಳ್ಳೆಯದೆಂದು ನಾವು ಹೇಳುತ್ತಿಲ್ಲ. ನೀತಿಯ ಮಾತು ಯಾವಾಗಲೂ ಬಡವರ ಬಾಗಿಲಿಗೇ ಮೊದಲು ಬರುತ್ತದೆ ಎಂದಷ್ಟೇ ಹೇಳುತ್ತಿದ್ದೇವೆ.

ಈಗ ಕೆಲಸದ ಮಾತಿಗೆ ಬರೋಣ. ಅಂದ ಎಂಬುದು ಕಿರೀಟಕ್ಕೆ ಮಾತ್ರ ಸಂಬಂಧಿಸಿದ್ದಾಗಿದ್ದರೆ ನಾವು ಸುಮ್ಮನಿರುತ್ತಿದ್ದೆವು. ಅದು ನೌಕರಿಯ ಷರತ್ತಾಗಿ ಕೂತಿದೆ. ಗಗನಸಖಿಯರನ್ನೇ ತೆಗೆದುಕೊಳ್ಳಿ. ಏರ್ ಇಂಡಿಯಾದಲ್ಲಿ ಒಂದು ನಿಯಮ ಇತ್ತು: ಮೂವತ್ತೈದು ತುಂಬಿದರೆ, ಅಥವಾ ಸೇರಿದ ನಾಲ್ಕು ವರ್ಷದೊಳಗೆ ಮದುವೆಯಾದರೆ, ಅಥವಾ ಮೊದಲ ಸಲ ಬಸಿರಾದರೆ, ಇವುಗಳಲ್ಲಿ ಯಾವುದು ಮೊದಲೋ ಅಂದಿಗೆ ಕೆಲಸ ಮುಗಿಯಿತು. ಅದೇ ವಿಮಾನದಲ್ಲಿ ಅದೇ ತಟ್ಟೆ ಹಿಡಿದು ನಡೆಯುವ ಗಂಡಸರಿಗೆ ಐವತ್ತೆಂಟರವರೆಗೆ ನೌಕರಿ! ನರ್ಗೀಶ್ ಮಿರ್ಜಾ ಮತ್ತು ಅವರ ಸಂಗಾತಿ ಕೆಲಸಗಾರ್ತಿಯರು ಸುಪ್ರೀಂ ಕೋರ್ಟಿಗೆ ಹೋದರು. 1981ರ ಆಗಸ್ಟ್ 28ರಂದು ತೀರ್ಪು ಬಂತು. ಬಸಿರಾದರೆ ತೆಗೆಯುವ ನಿಯಮ ಬಿದ್ದುಹೋಯಿತು, ಹೆಣ್ತನಕ್ಕೇ ಅವಮಾನವೆಂದು ನ್ಯಾಯಾಧೀಶರು ಹೇಳಿದರು. ಆದರೆ ನಾಲ್ಕು ವರ್ಷ ಮದುವೆಯಾಗಕೂಡದೆಂಬ ಷರತ್ತು ಆಗ ಉಳಿಯಿತು, ಗಂಡಸರಿಗೆ ಬೇರೆ ಹೆಂಗಸರಿಗೆ ಬೇರೆ ವಯಸ್ಸು ಎಂಬುದೂ ಉಳಿಯಿತು. ಅದನ್ನು ಮುಂದೆ ಹೋರಾಡಿಯೇ ಬದಲಿಸಬೇಕಾಯಿತು. 2009ರಲ್ಲಿ ತೂಕ ಹೆಚ್ಚಾಯಿತೆಂದು ಅದೇ ಸಂಸ್ಥೆ ಕೆಲವು ಗಗನಸಖಿಯರನ್ನು ಮನೆಗೆ ಕಳಿಸಿತು.

ವಿಮಾನ ದೂರದ ಮಾತೆನ್ನುವಿರಾದರೆ ನಮ್ಮ ಹೋಟೆಲುಗಳಿಗೇ ಬನ್ನಿ. ಊರಿನಿಂದ ಇಬ್ಬರು ಹುಡುಗರು ಒಂದೇ ಬಸ್ಸಿನಲ್ಲಿ ಬಂದರೆ ಬೆಳ್ಳಗಿನವನು ಹೊರಗೆ ಮೇಜಿಗೆ, ಕಪ್ಪಗಿನವನು ಒಳಗೆ ಪಾತ್ರೆ ತೊಳೆಯಲು. ಹೊರಗಿನವನಿಗೆ ಗಿರಾಕಿಯ ಟಿಪ್ಸು, ಒಳಗಿನವನಿಗೆ ಸೋಡಾಪುಡಿಯಿಂದ ಬಿರಿದ ಬೆರಳು. ಇದನ್ನು ಹೇಳಿಕೊಟ್ಟವರು ಯಾರೂ ಇಲ್ಲ, ಮ್ಯಾನೇಜರರ ಕಣ್ಣೇ ಹೇಳುತ್ತದೆ. ಗಂಡುಹುಡುಗರಿಗೇ ಹೀಗಾದರೆ ಈಗ ದೊಡ್ಡ ಹೋಟೆಲುಗಳ ಮುಂಬಾಗಿಲಿನಲ್ಲಿ, ಮಾಲಿನ ಅಂಗಡಿಗಳಲ್ಲಿ ನಿಲ್ಲುವ ನಮ್ಮ ಹೆಣ್ಣುಮಕ್ಕಳ ಅವಸ್ಥೆ ಏನು? ಲೋವರ್ ಪರೇಲಿನ ಫೀನಿಕ್ಸ್ ಮಿಲ್ಲಿನಲ್ಲಿ ನಮ್ಮವರು ಮಗ್ಗದ ಮುಂದೆ ಎಂಟು ಗಂಟೆ ನಿಂತಿದ್ದರು. ಅಲ್ಲಿ ಈಗ ಮಾಲು. ಮಗ್ಗ ಯಾರ ಮುಖವನ್ನೂ ಕೇಳುತ್ತಿರಲಿಲ್ಲ. ಅದೇ ನೆಲದ ಮೇಲೆ ಇಂದು ಬಣ್ಣದ ಬಾಟಲಿ ಮಾರಲು ನಿಲ್ಲುವ ಹುಡುಗಿಗೆ ಮುಖವೇ ಬಂಡವಾಳ. ನಿಲ್ಲುವ ಹೊತ್ತು ಮಾತ್ರ ಕಡಿಮೆಯಾಗಿಲ್ಲ.

ಈ ಕ್ಯಾಂಪಿನಲ್ಲಿ ಇರುವವರಿಗೆ ಅಳತೆ ಹೊಸದಲ್ಲ. ಬ್ರಿಟಿಷರ ಕಾಲದಿಂದ ದಂಡಿನ ಊರು ಇದು, ತೋಪಿನ ಪಡೆಯ ಶಾಲೆ ಇರುವ ಊರು. ಸೈನ್ಯಕ್ಕೆ ಸೇರುವ ತರುಣನ ಎತ್ತರ ಅಳೆಯುತ್ತಾರೆ, ಎದೆ ಉಬ್ಬಿಸಿ ಅಳೆಯುತ್ತಾರೆ. ಬಂದೂಕು ಹೊತ್ತು ಗುಡ್ಡ ಹತ್ತಬಲ್ಲನೋ ನೋಡಬೇಕಲ್ಲ, ಅದಕ್ಕೊಂದು ಅರ್ಥ ಉಂಟು. ಸ್ಪರ್ಧೆಯ ಹುಡುಗಿಯ ಮೈಯನ್ನು ಅಳೆಯುವುದು ಯಾವ ಗುಡ್ಡ ಹತ್ತಿಸಲು? ಮಿಸ್ ಇಂಡಿಯಾ ಸ್ಪರ್ಧೆಗೆ ಬಹಳ ವರ್ಷ 5 ಅಡಿ 5 ಅಂಗುಲ ಎತ್ತರ ಬೇಕಾಗಿತ್ತು. ನಮ್ಮ ದೇಶದ ಹೆಂಗಸರ ಸರಾಸರಿ ಎತ್ತರ 5 ಅಡಿ. ಅಂದರೆ ಅಡುಗೆ ಮಾಡಿ, ಬಟ್ಟೆ ಒಗೆದು, ಬೀಡಿ ಕಟ್ಟಿ ಮನೆ ನಡೆಸುವ ನಮ್ಮ ತಾಯಂದಿರು ಬಾಗಿಲಲ್ಲಿಯೇ ನಾಪಾಸು!

ಕಾಲ ಬದಲಾಗಿಲ್ಲ ಎನ್ನುವಂತಿಲ್ಲ. 1968ರಲ್ಲಿ ಅಟ್ಲಾಂಟಿಕ್ ಸಿಟಿಯಲ್ಲಿ, 1970ರಲ್ಲಿ ಲಂಡನಿನ ಆಲ್ಬರ್ಟ್ ಹಾಲಿನಲ್ಲಿ ಹೆಂಗಸರು ಎದ್ದು ನಿಂತು ಪ್ರತಿಭಟಿಸಿದರು. ಲಂಡನಿನಲ್ಲಿ ವೇದಿಕೆಯ ಮೇಲಿದ್ದವನು ಅದೇ ವಿಯೆಟ್ನಾಮಿನ ಬಾಬ್ ಹೋಪ್, ಅವನ ಮೇಲೆ ಹಿಟ್ಟಿನ ಪೊಟ್ಟಣಗಳು ಬಿದ್ದವು. ಈಜುಡುಗೆಯ ಸ್ಪರ್ಧೆಯನ್ನು ಮಿಸ್ ವರ್ಲ್ಡಿನವರು 2014ರಲ್ಲಿ, ಮಿಸ್ ಅಮೆರಿಕದವರು 2018ರಲ್ಲಿ ಕೈಬಿಟ್ಟರು. ಮಿಸ್ ಯೂನಿವರ್ಸಿನಲ್ಲಿ 2023ರಿಂದ ಮದುವೆಯಾದವರೂ ತಾಯಂದಿರೂ ಭಾಗವಹಿಸಬಹುದು. ತಾನಾಗಿ ಬಂದ ಬದಲಾವಣೆ ಅಲ್ಲ ಇದು, ಕೂಗಿದ್ದಕ್ಕೆ ಬಂದದ್ದು. ಆದರೂ ಅಂಗಡಿ ಮುಚ್ಚಿಲ್ಲ. 2024ರಲ್ಲಿ ವಿಶ್ವಸುಂದರಿ ಸ್ಪರ್ಧೆ ನಮ್ಮ ಮುಂಬಯಿಗೇ ಬಂತು, 2025ರಲ್ಲಿ ಹೈದರಾಬಾದಿಗೆ ಹೋಯಿತು.

ಇಷ್ಟು ದೊಡ್ಡವರ ಮಾತಾಯಿತು. ನಮ್ಮ ಕೇರಿಯ ಒಂದು ಮನೆಯ ಸಂಗತಿ ಹೇಳುತ್ತೇವೆ. ಹೆಸರು ಬೇಡ. ತಂದೆ ಕಾವಲಿಯ ಮುಂದೆ ದೋಸೆ ಹೊಯ್ಯುವವರು. ಮಗಳು ಒಂಬತ್ತನೆಯ ತರಗತಿ, ಲೆಕ್ಕದಲ್ಲಿ ಜಾಣೆ. ಶಾಲೆಯಲ್ಲಿ ಯಾರೋ ಕರಿದೋಸೆ ಎಂದು ಕರೆದರು. ಅಪ್ಪನ ಕೆಲಸವನ್ನೂ ಮಗಳ ಬಣ್ಣವನ್ನೂ ಸೇರಿಸಿ ಹಿಂಗಿಸಿದ ಮಾತು. ಹುಡುಗಿ ಮನೆಯಲ್ಲಿ ಹೇಳಲಿಲ್ಲ. ಬಸ್ಸಿನ ಹಣ ಉಳಿಸಿ ಔಷಧದಂಗಡಿಯಿಂದ ಒಂದು ಟ್ಯೂಬು ತಂದಳು. ಗಜಕರ್ಣಕ್ಕೆ ಹಚ್ಚುವ ಮುಲಾಮು ಅದು, ಒಳಗೆ ಸ್ಟೆರಾಯ್ಡ್ ಇರುವಂಥದ್ದು. ಎರಡು ವಾರದಲ್ಲಿ ಮುಖ ತಿಳಿಯಾಯಿತು. ತಾಯಿಯೂ ಸಂತೋಷಪಟ್ಟರು. ಐದಾರು ತಿಂಗಳಲ್ಲಿ ಚರ್ಮ ತೆಳ್ಳಗಾಗಿ ಕೆಂಪೆದ್ದಿತು, ಮೊಡವೆ ಎದ್ದವು, ಗಲ್ಲದ ಮೇಲೆ ಕೂದಲು ಬಂತು. ಬಿಸಿಲಿಗೆ ಹೋದರೆ ಉರಿ, ಒಲೆಯ ಹತ್ತಿರ ನಿಂತರೆ ಉರಿ. ಮುಲಾಮು ನಿಲ್ಲಿಸಿದರೆ ಇನ್ನೂ ಹೆಚ್ಚು ಉರಿ, ಅದಕ್ಕಾಗಿ ಮತ್ತೆ ಅದೇ ಮುಲಾಮು. ಸೆರೆ ಕುಡಿದವನ ಹಾಗೆ. ಕೊನೆಗೆ ಸರಕಾರಿ ಆಸ್ಪತ್ರೆಯ ಚರ್ಮದ ಡಾಕ್ಟರರು ತಿಂಗಳುಗಟ್ಟಲೆ ಉಪಚಾರ ಮಾಡಿ ದಾರಿಗೆ ತಂದರು. ಅಷ್ಟರಲ್ಲಿ ಶಾಲೆ ಒಂದು ವರ್ಷ ಹಿಂದೆ ಬಿದ್ದಿತು. ಇಂಥ ಮುಲಾಮುಗಳನ್ನು ಡಾಕ್ಟರರ ಚೀಟಿ ಇಲ್ಲದೆ ಮಾರಕೂಡದೆಂದು 2018ರಲ್ಲಿ ಕೇಂದ್ರ ಸರಕಾರ ನಿಯಮ ಬಿಗಿ ಮಾಡಿದೆ. ಅಂಗಡಿಯವರಲ್ಲಿ ಕೇಳಿ ನೋಡಿ, ಚೀಟಿ ಯಾರು ಕೇಳುತ್ತಾರೆ?

ಇನ್ನೊಂದು ಪಾದರಸ. ಚರ್ಮದಲ್ಲಿ ಕಪ್ಪು ಬಣ್ಣ ಹುಟ್ಟುವುದನ್ನೇ ಅದು ತಡೆಯುತ್ತದೆ, ಅದಕ್ಕೇ ಕೆಲವು ಕಳ್ಳ ಕ್ರೀಮುಗಳಲ್ಲಿ ಬೆರೆಸುತ್ತಾರೆ. ಚರ್ಮದ ಮೂಲಕ ಒಳಗೆ ಇಳಿದು ಮೂತ್ರಪಿಂಡವನ್ನು ಕೆಡಿಸುತ್ತದೆ. ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ 2023ರಲ್ಲಿ ಹೀಗೆ ಮೂತ್ರಪಿಂಡದ ರೋಗಕ್ಕೆ ತುತ್ತಾದವರನ್ನು ಡಾಕ್ಟರರು ಒಬ್ಬರ ಮೇಲೊಬ್ಬರಂತೆ ಕಂಡರು. ನಮ್ಮ ಮಹಾರಾಷ್ಟ್ರದ ಅಕೋಲಾದಲ್ಲಿಯೂ ಒಂದೇ ಮನೆಯ ಹೆಂಗಸರಿಗೆ ಹೀಗಾದದ್ದು ಪತ್ರಿಕೆಗಳಲ್ಲಿ ಬಂದಿತ್ತು. ತಯಾರಕರ ವಿಳಾಸ, ಲೈಸೆನ್ಸಿನ ನಂಬ್ರ, ಒಳಗಿರುವ ವಸ್ತುಗಳ ಪಟ್ಟಿ ಡಬ್ಬದ ಮೇಲೆ ಇಲ್ಲದಿದ್ದರೆ ಅದನ್ನು ಮನೆಯೊಳಗೆ ಬಿಡಬೇಡಿ. ಬೇಗನೆ ಬೆಳ್ಳಗಾದರೆ ಸಂತೋಷಪಡುವ ಬದಲು ಹೆದರಿ.

ದೊಡ್ಡ ಕಂಪೆನಿಗಳ ಕ್ರೀಮಿನಲ್ಲಿ ಇಂಥ ವಿಷ ಇಲ್ಲವೆಂದು ಒಪ್ಪೋಣ. ಅವುಗಳ ವಿಷ ಜಾಹೀರಾತಿನಲ್ಲಿತ್ತು. ಫೇರ್ ಆಂಡ್ ಲವ್ಲಿ 1975ರಲ್ಲಿ ಪೇಟೆಗೆ ಬಂತು. ಕಪ್ಪಾಗಿದ್ದಾಗ ಕೆಲಸವೂ ಇಲ್ಲ ವರನೂ ಇಲ್ಲ, ಹಚ್ಚಿಕೊಂಡ ಮೇಲೆ ಎರಡೂ ಸಿಕ್ಕಿತು ಎಂಬ ಒಂದೇ ಕಥೆಯನ್ನು ನಲವತ್ತು ವರ್ಷ ನಾನಾ ವೇಷದಲ್ಲಿ ತೋರಿಸಿದರು. 2020ರಲ್ಲಿ ಅಮೆರಿಕದ ಕರಿಯರ ಚಳವಳಿಯ ಬಿಸಿ ತಟ್ಟಿದಾಗ ಹೆಸರಿನ ಫೇರ್ ತೆಗೆದು ಗ್ಲೋ ಎಂದು ಹಾಕಿದರು. ಬೋರ್ಡು ಬದಲಾದರೆ ಹೋಟೆಲಿನ ಸಾಂಬಾರು ಬದಲಾಗುತ್ತದೆಯೇ ಎಂದು ನಿಮ್ಮನ್ನು ಕೇಳಬೇಕೇ?

ಆದರೆ ಎಲ್ಲವನ್ನೂ ಕಂಪೆನಿಯ ಮೇಲೆ ಹಾಕಿ ಕೈ ತೊಳೆದುಕೊಳ್ಳಲಿಕ್ಕಾಗದು. ಅವರು ನಮ್ಮ ಮನೆಯ ಬೆಂಕಿಗೇ ಎಣ್ಣೆ ಹೊಯ್ದವರು. ಹೆಣ್ಣು ನೋಡಲು ಹೋದಾಗ ಮೊದಲ ಪ್ರಶ್ನೆ ಏನು? ಹುಡುಗಿ ಬೆಳ್ಳಗಿದ್ದಾಳೆಯೇ. ನಮ್ಮದೇ ಸಮಾಜಗಳ ಪತ್ರಿಕೆಗಳ ವಧೂವರ ಪುಟ ತೆಗೆದು ನೋಡಿ. ದಿನವಿಡೀ ಇದ್ದಿಲ ಒಲೆಯ ಮುಂದೆ ಸುಟ್ಟು ಕರಿಕಾದ ಮಾವನಿಗೂ ಬಿಳಿಯ ಸೊಸೆಯೇ ಬೇಕು. ಬಣ್ಣ ಒಂದು ಸುತ್ತು ಕಡಿಮೆಯಾದರೆ ಚಿನ್ನ ಎರಡು ಪವನು ಹೆಚ್ಚಾಗುತ್ತದೆ. ವರದಕ್ಷಿಣೆ ನಿಷೇಧದ ಕಾಯಿದೆ 1961ರದು, ಬಣ್ಣದ ಈ ದಂಡಕ್ಕೆ ಮಾತ್ರ ಇನ್ನೂ ಕಾಯಿದೆ ಬಂದಿಲ್ಲ. ಆ ದಂಡ ಕಟ್ಟಲು ತಂದೆ ಧಣಿಯಲ್ಲಿ ಮುಂಗಡ ಪಡೆಯುತ್ತಾನೆ, ಮುಂಗಡ ತೀರುವತನಕ ಬಾಯಿ ಮುಚ್ಚಿ ದುಡಿಯುತ್ತಾನೆ. ಸಂಘಕ್ಕೆ ಬಾ ಎಂದರೆ, ಅಣ್ಣಾ, ಮಗಳ ಮದುವೆಯ ಸಾಲ ಉಂಟು, ಈಗ ಬೇಡ ಎನ್ನುತ್ತಾನೆ. ಕಾರ್ಮಿಕರ ಸಭೆಯಲ್ಲಿ ಬಣ್ಣದ ಮಾತೇಕೆಂದು ಕೇಳಿದ ಇಬ್ಬರಿಗೆ ಇದೇ ನಮ್ಮ ಉತ್ತರ.

ತಾಯಂದಿರಲ್ಲಿಯೂ ಒಂದು ಮಾತು. ಮಗಳಿಗೆ ಬಿಸಿಲಿಗೆ ಹೋಗಬೇಡ, ಕಪ್ಪಾಗುತ್ತೀ ಎನ್ನುವಾಗ ನಿಮ್ಮ ಮನಸ್ಸಿನಲ್ಲಿ ಕೆಡುಕಿಲ್ಲ, ಅವಳ ಮುಂದಿನ ಬಾಳಿನ ಭಯ ಇದೆ. ಅದು ನಮಗೆ ಗೊತ್ತು. ಆದರೆ ಆಟದ ಬಯಲಿಗೆ ಹೋಗದ, ಬೊಜ್ಜು ಬರುತ್ತದೆಂದು ರಾತ್ರಿಯೂಟ ಬಿಡುವ ಹುಡುಗಿಯ ಮೈಯಲ್ಲಿ ರಕ್ತ ಎಲ್ಲಿಂದ ಬರಬೇಕು? 2019ರಿಂದ 21ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಲೆಕ್ಕದಲ್ಲಿ ಹದಿನೈದರಿಂದ ನಲವತ್ತೊಂಬತ್ತರವರೆಗಿನ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತ ಕಡಿಮೆ. ಮಹಾರಾಷ್ಟ್ರದಲ್ಲಿ ನೂರಕ್ಕೆ 54. ಕೆನ್ನೆಗೆ ಕೆಂಪು ಬಳಿಯುವ ಡಬ್ಬಕ್ಕೆ ನೂರಾರು ರೂಪಾಯಿ ಕೊಡುತ್ತೇವೆ. ಒಳಗಿನಿಂದ ಕೆಂಪು ತರುವ ಕಬ್ಬಿಣದ ನೀಲಿ ಗುಳಿಗೆಯನ್ನು ವಾರಕ್ಕೊಂದರಂತೆ ಶಾಲೆಯಲ್ಲಿ ಪುಕ್ಕಟೆ ಕೊಟ್ಟರೆ, ಹೊಟ್ಟೆ ತೊಳಸುತ್ತದೆಂದು ಹುಡುಗಿಯರು ಕಿಟಕಿಯಿಂದಾಚೆ ಎಸೆಯುತ್ತಾರೆ. ಬರಿಹೊಟ್ಟೆಯಲ್ಲಿ ನುಂಗಿದರೆ ತೊಳಸುವುದು ನಿಜ. ಊಟದ ಮೇಲೆ ನುಂಗಲು ಹೇಳಿ, ಅದಾದ ಮೇಲೆ ಒಂದು ಗಂಟೆ ಚಹಾ ಕೊಡಬೇಡಿ. ಚಹಾ ಕಬ್ಬಿಣವನ್ನು ಮೈಗೆ ಹತ್ತಗೊಡುವುದಿಲ್ಲ. ಚಹಾ ಮಾರಿ ಬದುಕುವವರಾದ ನಾವೇ ಇದನ್ನು ಹೇಳುತ್ತಿದ್ದೇವೆ, ನಂಬಿರಿ.

ಆದುದರಿಂದ ತರುಣರ ಸೂಚನೆಗೆ ನಮ್ಮ ಅಭಿಪ್ರಾಯ ಇಷ್ಟು. ಸೌಂದರ್ಯ ಸ್ಪರ್ಧೆ ಬೇಡ, ಕ್ರೀಮಿನ ಏಜೆಂಟರ ಹಣವೂ ಬೇಡ. ಹುಡುಗಿಯರಿಗೆ ವೇದಿಕೆ ಬೇಡ ಎಂದು ಯಾರೂ ತಿಳಿಯಬಾರದು. ವೇದಿಕೆ ಬೇಕು, ಇಡೀ ಒಂದು ಸಂಜೆ ಅವರಿಗೇ ಬೇಕು. ಭಾಷಣ ಸ್ಪರ್ಧೆ ಇಡೋಣ, ಕಬಡ್ಡಿ ಇಡೋಣ, ಲೆಕ್ಕದ ಸ್ಪರ್ಧೆ ಇಡೋಣ. ಚೆನ್ನಾಗಿ ಸೀರೆಯುಟ್ಟು, ಹೂ ಮುಡಿದು, ಬೇಕಾದ ಬಣ್ಣ ಹಚ್ಚಿಕೊಂಡು ಬರಲಿ, ಅಲಂಕಾರಕ್ಕೆ ನಾವು ವೈರಿಗಳಲ್ಲ. ಅಂಕ ಹಾಕಲು ಮಾತ್ರ ಯಾರೂ ಕೂರುವುದು ಬೇಡ. ಉತ್ಸವದ ದಿನ ಬೆಳಿಗ್ಗೆ ಹುಡುಗಿಯರಿಗೂ ತಾಯಂದಿರಿಗೂ ರಕ್ತ ಪರೀಕ್ಷೆ ಮಾಡಿಸುವ ಏರ್ಪಾಡಿಗೆ ಸರಕಾರಿ ದವಾಖಾನೆಯವರಲ್ಲಿ ಕೇಳಿಕೊಳ್ಳೋಣ. ಮಂಟಪದ ಖರ್ಚಿಗೆ ಏಜೆಂಟರು ಕೊಡುವುದೆಷ್ಟು? ಇಲ್ಲಿ ಕೂತವರು ಒಬ್ಬೊಬ್ಬರು ಒಂದು ದಿನದ ಟಿಪ್ಸು ಕೊಟ್ಟರೆ ಆಗಿಹೋಗುವಷ್ಟು.

ಇದು ನಮ್ಮ ಅಭಿಪ್ರಾಯ, ತೀರ್ಮಾನ ಸಭೆಯದ್ದು. ಬರುವ ಸೋಮವಾರ ಮಧ್ಯಾಹ್ನ ಮೂರೂವರೆಗೆ ಇದೇ ಸ್ಥಳದಲ್ಲಿ ಉತ್ಸವ ಸಮಿತಿ ಕೂಡುತ್ತದೆ. ಸೂಚನೆ ಕೊಟ್ಟ ತರುಣರು ಖಂಡಿತ ಬರಬೇಕು, ನಮ್ಮ ಮಾತಿಗೆ ಎದುರುತ್ತರ ಇದ್ದರೆ ಹೇಳಬೇಕು. ಈ ಸಲ ಹದಿನಾರು ದಾಟಿದ ಹುಡುಗಿಯರನ್ನೂ ಸಮಿತಿಗೆ ಕರೆಯುತ್ತಿದ್ದೇವೆ. ತಂದೆಯರು ಬಿಡುವು ಸಿಕ್ಕದಿದ್ದರೆ ಬರದಿರಲಿ, ಮಗಳನ್ನು ಮಾತ್ರ ಕಳಿಸಿಕೊಡಿ.